ಹಿತ್ತಲ ಗಿಡವೋ, ಊರಾಚೆಯ ಮದ್ದೋ? ಅಸಿಸ್ಟೆಂಟ್ ಕೋಚ್ ಕೈಗೆ ತಂಡ ಒಪ್ಪಿಸುವ ಮುನ್ನ

2018ರ ಮಾರ್ಚ್ 17ರ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಹೊರಬಿದ್ದ ನಮಗೆ ಮಾತೇ ಹೊರಡುತ್ತಿರಲಿಲ್ಲ. ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತಿದ್ದ ಬೆಂಗಳೂರು ಎಫ್‌ಸಿ, ಸುನಿಲ್ ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದ ಮೇಲೂ, ಸ್ವಂತ ಅಂಗಳದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತಿತ್ತು. ಮುಂದಿನ ತಿಂಗಳು ಸೂಪರ್ ಕಪ್ ಗೆದ್ದುಕೊಟ್ಟು ಕೋಚ್ ಆಲ್ಬರ್ಟ್ ರೋಕಾ ಹೊರಟರು. 2016ರಲ್ಲಿ ತಂಡವನ್ನು ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಒಯ್ದಿದ್ದವರು ಅವರು. ಆ ಜಾಗಕ್ಕೆ ಹೊರಗಿನಿಂದ ದೊಡ್ಡ ಹೆಸರೊಂದು ಬರಲಿದೆ ಎಂದು ಕಾದಿದ್ದವರಿಗೆ ಸಿಕ್ಕ ಹೆಸರು ಕಾರ್ಲೆಸ್ ಕ್ವಾಡ್ರಾಟ್. ರೋಕಾ ಪಕ್ಕದಲ್ಲೇ ನಿಂತಿರುತ್ತಿದ್ದ ಅಸಿಸ್ಟೆಂಟ್.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡರ್ ಗೋಲಿನೊಳಗೆ ಬಿತ್ತು. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್. ರೋಕಾ ಕೈಗೆ ಸಿಗದಿದ್ದದ್ದು ಅವರ ಅಸಿಸ್ಟೆಂಟ್ ಕೈಗೆ ಸಿಕ್ಕಿತು.

ಹಾಗಾದರೆ ಕೋಚ್ ಕುರ್ಚಿ ಖಾಲಿಯಾದಾಗಲೆಲ್ಲ ಅಸಿಸ್ಟೆಂಟನ್ನೇ ಕೂರಿಸಿಬಿಡೋಣವೇ? ಇಲ್ಲ. ಆದರೆ 'ಅವನು ಬರೀ ಅಸಿಸ್ಟೆಂಟ್, ಅವನಿಂದಾಗಲ್ಲ' ಎಂದು ಕೈತೊಳೆದುಕೊಳ್ಳುವುದೂ ಅಷ್ಟೇ ತಪ್ಪು. ಪ್ರತಿ ಸಲ ಕೋಚ್ ಬದಲಾವಣೆಯ ಸುದ್ದಿ ಬಂದಾಗ ಈ ಎರಡು ತುದಿಗಳಲ್ಲೇ ಜಗಳ ನಡೆಯುತ್ತದೆ. ನನಗೆ ತಿಳಿದ ಉದಾಹರಣೆಗಳನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು: 'ಅಸಿಸ್ಟೆಂಟ್' ಎಂಬ ಪದವಿ ಮನುಷ್ಯನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಕೇಳಬೇಕಾದ್ದು ಎರಡೇ ಪ್ರಶ್ನೆ. ಆತ ಎಂದಾದರೂ ಒಬ್ಬನೇ ಕೂತು ಹನ್ನೊಂದು ಹೆಸರು ಬರೆದು, ಸೋತಾಗ ಅದಕ್ಕೆ ಉತ್ತರ ಕೊಟ್ಟಿದ್ದಾನೆಯೇ? ಆತನ ಕೈಗೆ ಬರುತ್ತಿರುವ ತಂಡ ನಡೆಯುತ್ತಿರುವ ಬಂಡಿಯೋ, ಅಚ್ಚು ಮುರಿದದ್ದೋ?

ಸಲಹೆ ಕೊಡುವವನು, ನಿರ್ಧಾರ ಹೊರುವವನು

ಅಸಿಸ್ಟೆಂಟ್ ಎಂದರೆ ಒಂದೇ ಬಗೆಯ ಕೆಲಸವಲ್ಲ. ಒಬ್ಬರು ಅಂಗಳದವರು: ಬೆಳಿಗ್ಗೆ ಕೋನ್ ಇಟ್ಟು ಡ್ರಿಲ್ ಕಟ್ಟುವುದು, ಯಾರ ಓಟ ಎಲ್ಲಿ ನಿಧಾನವಾಯಿತೆಂದು ನೋಡುವುದು ಇವರ ಕಸುಬು. ಇನ್ನೊಬ್ಬರು ಲೆಕ್ಕದವರು: ಎದುರಾಳಿಯ ವಿಡಿಯೊ ಹರವಿಕೊಂಡು, ಕಾರ್ನರ್ ವೇಳೆ ಯಾರು ಯಾರನ್ನು ಹಿಡಿಯಬೇಕು ಎಂದು ಬರೆದುಕೊಡುವವರು. ಮೂರನೆಯವರು ಕಿವಿಯವರು. ಆಟಗಾರ ಮುಖ್ಯ ಕೋಚ್ ಹತ್ತಿರ ಹೇಳಲಾಗದ್ದನ್ನು, ಮನೆಯ ಕಷ್ಟವನ್ನೋ ಬೆಂಚಿನ ಸಿಟ್ಟನ್ನೋ, ಇವರ ಹತ್ತಿರ ಹೇಳಿಕೊಳ್ಳುತ್ತಾನೆ.

ಬಡ್ತಿ ಸಿಕ್ಕ ದಿನ ಅತಿ ಹೆಚ್ಚು ಕಳೆದುಕೊಳ್ಳುವವರು ಈ ಮೂರನೆಯವರು. ನಿನ್ನೆಯವರೆಗೆ ಹೆಗಲ ಮೇಲೆ ಕೈಹಾಕಿ ಮಾತಾಡಿಸಿದ ಹುಡುಗನನ್ನು ಇವತ್ತು ತಂಡದಿಂದ ಬಿಡಬೇಕು. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆಂಗಳೂರಿನ ಸಣ್ಣ ಕ್ಲಬ್ಬೊಂದರ ಕಮಿಟಿಯಲ್ಲಿ ಕೆಲವು ವರ್ಷ ಇದ್ದೆ. ಕೋಚ್ ಮಧ್ಯದಲ್ಲೇ ಬಿಟ್ಟುಹೋದಾಗ ಅಸಿಸ್ಟೆಂಟಿಗೆ ತಂಡ ಒಪ್ಪಿಸಿದೆವು. ಹುಡುಗರೆಲ್ಲ ಅವನನ್ನು 'ಅಣ್ಣ' ಎನ್ನುತ್ತಿದ್ದರು. ಮೊದಲ ಪಂದ್ಯಕ್ಕೇ ಅಣ್ಣ ಕ್ಯಾಪ್ಟನ್ನನ್ನು ಬೆಂಚಿನಲ್ಲಿ ಕೂರಿಸಿದ. ಆಟದ ಲೆಕ್ಕದಲ್ಲಿ ಸರಿಯಾದ ನಿರ್ಧಾರವೇ ಅದು. ಆದರೆ ಡ್ರೆಸಿಂಗ್ ರೂಮಿನಲ್ಲಿ ಯಾರೂ ಅವನೊಡನೆ ಮಾತಾಡಲಿಲ್ಲ. ನಮ್ಮಲ್ಲೇ ಇಬ್ಬರು ಅಂಗಳಕ್ಕೆ ಹೋಗಿ, ಎಲ್ಲರೆದುರು, 'ಯಾಕೆ ಹೀಗೆ ಮಾಡಿದೆ' ಎಂದು ಕೇಳಿದರು. ಎರಡು ತಿಂಗಳಿಗೆ ಅವನು ಹೊರಟುಹೋದ. ತಪ್ಪು ಅವನದಲ್ಲ, ನಮ್ಮದು. ಕುರ್ಚಿ ಕೊಟ್ಟೆವು, ಅದರ ಅಧಿಕಾರ ಕೊಡಲಿಲ್ಲ.

ಮೊದಲ ದಾರಿ: ಮನೆಯವರಿಗೇ ಬಡ್ತಿ

ಈ ದಾರಿಯ ಪರವಾಗಿ ಎಲ್ಲರೂ ಹೇಳುವ ಹೆಸರು ಬಾಬ್ ಪೈಸ್ಲಿ. ಹೇಳಬೇಕಾದ್ದೇ. 1939ರಲ್ಲಿ ಆಟಗಾರನಾಗಿ ಲಿವರ್‌ಪೂಲ್ ಸೇರಿದ ಆತ ಆಟ ಬಿಟ್ಟ ಮೇಲೂ ಅಲ್ಲೇ ಉಳಿದು, ಆಟಗಾರರ ಮಂಡಿ-ತೊಡೆಗಳನ್ನು ನೋಡಿಕೊಳ್ಳುತ್ತ, ಬಿಲ್ ಶ್ಯಾಂಕ್ಲಿಗೆ ಬಲಗೈಯಾದವರು. 1974ರ ಬೇಸಿಗೆಯಲ್ಲಿ ಶ್ಯಾಂಕ್ಲಿ ಏಕಾಏಕಿ ನಿವೃತ್ತಿ ಘೋಷಿಸಿದಾಗ ಪೈಸ್ಲಿಗೆ ಆ ಕುರ್ಚಿಯ ಆಸೆಯೇ ಇರಲಿಲ್ಲ. ಮೊದಲ ಸೀಸನ್‌ನಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ. ಆಮೇಲೆ 1983ರಲ್ಲಿ ಬಿಡುವಷ್ಟರಲ್ಲಿ ಆರು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕಪ್). ಅವರ ನಂತರ ಬಂದ ಜೋ ಫ್ಯಾಗನ್ ಕೂಡ ಅದೇ 'ಬೂಟ್ ರೂಮ್'ನವರು, ಅಂದರೆ ಬೂಟುಗಳನ್ನಿಡುವ ಸಣ್ಣ ಕೋಣೆಯಲ್ಲಿ ಪಂದ್ಯದ ಬಳಿಕ ಕೂತು ಆಟದ ಲೆಕ್ಕ ಹಾಕುತ್ತಿದ್ದ ಕೋಚ್‌ಗಳ ಗುಂಪಿನವರು. ಅರವತ್ತು ದಾಟಿದ ಮೇಲೆ ಕುರ್ಚಿ ಹತ್ತಿ ಮೊದಲ ಸೀಸನ್‌ನಲ್ಲೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದರು.

ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ನಿವೃತ್ತರಾದ ಶ್ಯಾಂಕ್ಲಿ ಮೆಲ್‌ವುಡ್ ತರಬೇತಿ ಅಂಗಳಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಆಟಗಾರರು ಇನ್ನೂ ಅವರನ್ನೇ 'ಬಾಸ್' ಎಂದು ಕರೆಯುತ್ತಿದ್ದರು, ಎದುರಿಗೇ ಪೈಸ್ಲಿ ನಿಂತಿರುವಾಗ. ಹಳೆಯ ಗುರುವನ್ನು ದೂರವಿಡುವುದು ಕ್ಲಬ್ಬಿಗೂ ನೋವಿನ ಕೆಲಸವಾಗಿತ್ತು, ಆದರೆ ಇಡಲೇಬೇಕಾಯಿತು. ಮನೆಯವರಿಗೆ ಬಡ್ತಿ ಕೊಡುವ ಪ್ರತಿ ಕ್ಲಬ್ಬೂ ಮೊದಲು ಯೋಚಿಸಬೇಕಾದದ್ದು ಇದನ್ನೇ: ಹೋದವರು ನಿಜವಾಗಿ ಹೋಗುತ್ತಾರೆಯೇ?

ಪೈಸ್ಲಿಗಿಂತಲೂ ನನ್ನನ್ನು ಹೆಚ್ಚು ಸೆಳೆಯುವುದು ಜರ್ಮನ್ ರಾಷ್ಟ್ರೀಯ ತಂಡ. ಅಲ್ಲಿ ಅದು ಪರಂಪರೆಯೇ ಆಗಿದೆ. ಓಟ್ಟೋ ನೆರ್ಟ್ಸ್‌ಗೆ ಅಸಿಸ್ಟೆಂಟ್ ಆಗಿದ್ದ ಸೆಪ್ ಹೆರ್ಬರ್ಗರ್ 1954ರ ವಿಶ್ವಕಪ್ ಗೆದ್ದರು. ಹೆರ್ಬರ್ಗರ್ ಅಸಿಸ್ಟೆಂಟ್ ಹೆಲ್ಮುಟ್ ಶ್ಯೋನ್ 1972ರ ಯುರೋ (ಯುರೋಪಿನ ರಾಷ್ಟ್ರಗಳ ಕಪ್), 1974ರ ವಿಶ್ವಕಪ್ ಗೆದ್ದರು. ಶ್ಯೋನ್ ಅಸಿಸ್ಟೆಂಟ್ ಯುಪ್ ಡೆರ್ವಾಲ್ 1980ರ ಯುರೋ. ಬೆಕೆನ್‌ಬವರ್ ಜೊತೆಗಿದ್ದ ಬರ್ಟಿ ಫೋಗ್ಟ್ಸ್ 1996ರ ಯುರೋ. ಕ್ಲಿನ್ಸ್‌ಮನ್ ಅಸಿಸ್ಟೆಂಟ್ ಯೋಆಖಿಮ್ ಲ್ಯೋವ್ 2006ರಲ್ಲಿ ತಂಡ ಹಿಡಿದು 2014ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ಎತ್ತಿದರು. ಗುರುವಿನಿಂದ ಶಿಷ್ಯನಿಗೆ ದಾಟಿಬಂದ ಗುರುಕುಲದ ಹಾಗೆ.

ಆದರೆ ಒಳಹೊಕ್ಕು ನೋಡಿದರೆ ನನ್ನ ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. ಶ್ಯೋನ್ ಅಸಿಸ್ಟೆಂಟ್ ಆಗುವ ಮೊದಲೇ, ಆಗ ಬೇರೆ ತಂಡವಾಗಿದ್ದ ಸಾರ್‌ಲ್ಯಾಂಡಿಗೆ ಮುಖ್ಯ ಕೋಚ್ ಆಗಿದ್ದವರು. ಲ್ಯೋವ್ ಸ್ಟುಟ್‌ಗಾರ್ಟ್ ತಂಡದೊಂದಿಗೆ 1997ರ ಜರ್ಮನ್ ಕಪ್ ಗೆದ್ದಿದ್ದವರು. ಇವರು ಬಾಳೆಲ್ಲ ನೆರಳಿನಲ್ಲಿ ಬೆಳೆದವರಲ್ಲ. ಮೊದಲು ಬಿಸಿಲು ಕಂಡು, ಆಮೇಲೆ ನೆರಳಿಗೆ ಬಂದು, ಮತ್ತೆ ಬಿಸಿಲಿಗೆ ಇಳಿದವರು.

ಇದಕ್ಕೆ ದೊಡ್ಡ ಅಪವಾದ ಲಿಯೊನೆಲ್ ಸ್ಕಲೋನಿ. 2018ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಕೋಚ್ ಸಂಪವೋಲಿಯ ಬಳಗದಲ್ಲಿದ್ದ ಆತನಿಗೆ ಸೀನಿಯರ್ ತಂಡ ನಡೆಸಿದ ಅನುಭವವೇ ಇರಲಿಲ್ಲ. ಅರ್ಜೆಂಟೀನಾ ತಾತ್ಕಾಲಿಕವಾಗಿ ಒಪ್ಪಿಸಿತು. ಆಮೇಲಿನದು ಎಲ್ಲರಿಗೂ ಗೊತ್ತು: 2021ರ ಕೋಪಾ ಅಮೆರಿಕಾ (ದಕ್ಷಿಣ ಅಮೆರಿಕದ ರಾಷ್ಟ್ರಗಳ ಕಪ್), 2022ರ ವಿಶ್ವಕಪ್, 2024ರಲ್ಲಿ ಮತ್ತೆ ಕೋಪಾ. ಆ ಕೆಲಸಕ್ಕೆ ಆಗ ಪೈಪೋಟಿ ಕಡಿಮೆಯಿತ್ತು, ನಿರೀಕ್ಷೆ ಇನ್ನೂ ಕಡಿಮೆಯಿತ್ತು. ಹೊಸಬರನ್ನು ಕರೆಸಿ ತಂಡ ಕಟ್ಟಲು ಅವರಿಗೆ ಸಮಯ ಸಿಕ್ಕಿತು. ಅಪವಾದವನ್ನು ನಿಯಮ ಮಾಡಿಕೊಳ್ಳಬೇಡಿ, ಆದರೆ ಆ ಸಮಯ ಎಂಬ ಮಾತನ್ನು ನೆನಪಿಡಿ.

ಸೋತ ಕಥೆಗಳೂ ಇವೆ. 2006ರಲ್ಲಿ ಚಾರ್ಲ್ಟನ್ ತನ್ನ ಬಳಗದಲ್ಲಿದ್ದ ಲೆಸ್ ರೀಡ್‌ಗೆ ತಂಡ ಕೊಟ್ಟು 41 ದಿನಗಳಲ್ಲಿ ವಾಪಸ್ ತೆಗೆದುಕೊಂಡಿತು. 2007ರಲ್ಲಿ ಬೋಲ್ಟನ್, ಸ್ಯಾಮ್ ಅಲರ್ಡೈಸ್ ಹೋದ ಮೇಲೆ ಅವರ ಸಹಾಯಕ ಸ್ಯಾಮಿ ಲೀಗೆ ತಂಡ ಕೊಟ್ಟು ಅಕ್ಟೋಬರ್‌ನಲ್ಲೇ ಬಿಡಿಸಿತು. ಚಾರ್ಲ್ಟನ್ ಆಗಲೇ ಮುಳುಗುತ್ತಿತ್ತು. ಬೋಲ್ಟನ್‌ನಲ್ಲಿ ಎಲ್ಲವೂ ಅಲರ್ಡೈಸ್ ಎಂಬ ಒಬ್ಬ ಮನುಷ್ಯನ ಅಳತೆಗೆ ಹೊಲಿದ ಅಂಗಿಯಾಗಿತ್ತು.

ಎರಡನೇ ದಾರಿ: ದೊಡ್ಡವರ ಪಕ್ಕದಿಂದ ಕರೆತರುವುದು

ಇದು ಇವತ್ತಿನ ದಿನಗಳಲ್ಲಿ ಅತಿ ಹೆಚ್ಚು ಆಸೆ ಹುಟ್ಟಿಸುವ ದಾರಿ, ಅತಿ ಹೆಚ್ಚು ಮೋಸ ಹೋಗುವ ದಾರಿಯೂ ಹೌದು. ಗಾರ್ಡಿಯೋಲಾ ಪಕ್ಕದಲ್ಲಿದ್ದವನನ್ನು ತಂದರೆ ಗಾರ್ಡಿಯೋಲಾ ಆಟವೇ ಬರುತ್ತದೆ ಎಂಬ ನಂಬಿಕೆ.

ಮಿಕೆಲ್ ಆರ್ಟೆಟಾ ಆ ನಂಬಿಕೆಗೆ ಬಲ ಕೊಟ್ಟವರು. 2019ರ ಡಿಸೆಂಬರ್‌ನಲ್ಲಿ ಗಾರ್ಡಿಯೋಲಾ ಅವರ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಆರ್ಸೆನಲ್‌ಗೆ ಬಂದರು, ಮೊದಲ ಸೀಸನ್‌ನಲ್ಲೇ ಎಫ್‌ಎ ಕಪ್ ಗೆದ್ದರು. ಆದರೆ ಲೀಗ್‌ನಲ್ಲಿ? ಎಂಟನೇ ಸ್ಥಾನ, ಮತ್ತೆ ಎಂಟನೇ ಸ್ಥಾನ. 2021ರ ಆಗಸ್ಟ್‌ನಲ್ಲಿ ಸತತ ಮೂರು ಸೋಲು, ಒಂದೂ ಗೋಲಿಲ್ಲ, ಪಟ್ಟಿಯಲ್ಲಿ ಕೊನೆ. ಬೇರೆ ಕ್ಲಬ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆರ್ಸೆನಲ್ ಅಲುಗಾಡಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಆರ್ಟೆಟಾ ಕ್ಯಾಪ್ಟನ್ ಒಬಮೆಯಾಂಗ್ ಅವರಿಂದ ನಾಯಕತ್ವ ಕಿತ್ತುಕೊಂಡಾಗ ಆಡಳಿತ ಬೆನ್ನಿಗೆ ನಿಂತಿತು. 2023, 2024, 2025, ಮೂರು ಸೀಸನ್ ಸತತ ಎರಡನೇ ಸ್ಥಾನ. ನಮ್ಮ ಸಣ್ಣ ಕ್ಲಬ್ಬು ಒಬ್ಬ ಕ್ಯಾಪ್ಟನ್ನನ್ನು ಬೆಂಚಿಗೆ ಕಳಿಸಿದ್ದಕ್ಕೇ ಕೋಚನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ್ದು ನೆನಪಾಗಿ, ಆ ಸುದ್ದಿ ಓದಿದ ದಿನ ನನಗೆ ಸಂಕಟವಾಗಿತ್ತು.

ಈಗ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಅಲೆಕ್ಸ್ ಫರ್ಗುಸನ್ ಪಕ್ಕದಲ್ಲಿದ್ದವರನ್ನು ನೋಡಿ. ಬ್ರಯನ್ ಕಿಡ್ 1998ರ ಡಿಸೆಂಬರ್‌ನಲ್ಲಿ ಬ್ಲ್ಯಾಕ್‌ಬರ್ನ್‌ಗೆ ಹೋದರು. ನಾಲ್ಕೇ ವರ್ಷ ಹಿಂದೆ ಚಾಂಪಿಯನ್ ಆಗಿದ್ದ ತಂಡ 1999ರ ಮೇನಲ್ಲಿ ಕೆಳಗಿನ ಡಿವಿಷನ್‌ಗೆ ಬಿತ್ತು. ಬೀಳುವುದು ಖಚಿತವಾದದ್ದು ಕಿಡ್ ಅವರ ಹಳೆಯ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಗೋಲಿಲ್ಲದ ಡ್ರಾದಲ್ಲಿ. ಕಾರ್ಲೋಸ್ ಕೆರೋಶ್ 2003ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಕೈಯಲ್ಲಿ ಜಿಡಾನ್, ರೊನಾಲ್ಡೊ, ಫಿಗೊ, ಬೆಕಮ್ ಇದ್ದರು. ಅವರ ಬೆನ್ನೆಲುಬಾಗಿದ್ದ ಮಕಲೆಲೆಯನ್ನು ಕ್ಲಬ್ ಮಾರಿಬಿಟ್ಟಿತ್ತು. ಲೀಗ್‌ನ ಕೊನೆಯ ಐದೂ ಪಂದ್ಯ ಸೋತು ನಾಲ್ಕನೇ ಸ್ಥಾನ, ಒಂದೇ ಸೀಸನ್‌ಗೆ ಮುಕ್ತಾಯ. ಸ್ಟೀವ್ ಮೆಕ್ಲಾರೆನ್ ಕಥೆ ಏರಿಳಿತದ್ದು: ಮಿಡಲ್ಸ್‌ಬರೊಗೆ 2004ರ ಲೀಗ್ ಕಪ್, ಇಂಗ್ಲೆಂಡ್ ತಂಡದೊಂದಿಗೆ 2008ರ ಯುರೋಗೆ ಅರ್ಹತೆಯೂ ಸಿಗದ ಅವಮಾನ, ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಟ್ವೆಂಟೆ ಕ್ಲಬ್ಬಿಗೆ 2010ರ ಲೀಗ್ ಪ್ರಶಸ್ತಿ. ರೆನೆ ಮ್ಯೂಲೆನ್‌ಸ್ಟೀನ್ ಫುಲಮ್‌ನಲ್ಲಿ ಎರಡೂವರೆ ತಿಂಗಳು ಇದ್ದರು. ಬಳಿಕ ನಮ್ಮ ಪಕ್ಕದ ಕೇರಳ ಬ್ಲಾಸ್ಟರ್ಸ್‌ಗೂ ಬಂದು 2018ರ ಜನವರಿಯಲ್ಲಿ ನಡುವೆಯೇ ಹೊರಟರು.

ಇವರೆಲ್ಲ ಕೆಲಸ ಬಾರದವರೇ? ಖಂಡಿತ ಅಲ್ಲ. ಫರ್ಗುಸನ್ ಅಂಥವರು ಅಂಗಳದ ತರಬೇತಿಯ ಬಹುಪಾಲನ್ನು ಅಸಿಸ್ಟೆಂಟ್‌ಗಳಿಗೇ ಬಿಡುತ್ತಿದ್ದರು. ಹೀಗಾಗಿ ತರಬೇತಿಯಲ್ಲಿ ಇವರು ಪರಿಣತರೇ. ಆದರೆ ಯಾರನ್ನು ಮಾರಬೇಕು, ಯಾರನ್ನು ಹೊರಗಿಡಬೇಕು, ಸೋತ ಮರುದಿನ ಏನು ಹೇಳಬೇಕು ಎಂಬ ಭಾರ ಫರ್ಗುಸನ್ ಹೆಗಲಲ್ಲಿತ್ತು. ಆ ಹೆಗಲನ್ನು ಯಾರೂ ಜೊತೆಗೆ ಒಯ್ಯಲಾಗುವುದಿಲ್ಲ. ಯುರ್ಗನ್ ಕ್ಲೋಪ್ ಜೊತೆಗಿದ್ದ ಪೆಪ್ ಲೈಂಡರ್ಸ್ ಅವರದೂ ಹಾಗೆಯೇ: ಲಿವರ್‌ಪೂಲ್ ತರಬೇತಿಯ ಮಿದುಳು ಎಂದು ಹೊಗಳಿಸಿಕೊಂಡವರು, 2024ರಲ್ಲಿ ಸಾಲ್ಜ್‌ಬರ್ಗ್ ಹಿಡಿದು ಡಿಸೆಂಬರ್‌ಗೆ ಕೆಲಸ ಕಳೆದುಕೊಂಡರು.

ಈ ದಾರಿಯಲ್ಲಿ ಗೆದ್ದ ಇನ್ನೊಬ್ಬರನ್ನು ನೋಡಿದರೆ ಗುಟ್ಟು ಬಿಡುತ್ತದೆ. ಕೀರನ್ ಮೆಕೆನಾ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಹೊರಟು ರಿಯಲ್ ಮ್ಯಾಡ್ರಿಡ್‌ಗೆ ಹೋಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮೂರನೇ ಹಂತದಲ್ಲಿದ್ದ ಇಪ್ಸ್‌ವಿಚ್ ಹಿಡಿದರು. 2023ರಲ್ಲಿ ಒಂದು ಮೆಟ್ಟಿಲು, 2024ರಲ್ಲಿ ಮತ್ತೊಂದು, ನೇರ ಪ್ರೀಮಿಯರ್ ಲೀಗ್‌ಗೆ. ಮರುವರ್ಷ ಕೆಳಗಿಳಿದದ್ದೂ ನಿಜ. ತಪ್ಪು ಮಾಡಿ ಕಲಿಯಲು ಜಾಗವಿದ್ದ ಕಡೆ ಅವರು ಹೋಗಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮೂರನೇ ದಾರಿ: ನಡುವೆ ಒಂದೆರಡು ವರ್ಷ ಒಂಟಿಯಾಗಿ ನಡೆದವರು

ನನ್ನ ಮತ ಇವರಿಗೆ. ಇಂಗ್ಲಿಷ್ ಕೋಚ್ ಬಾಬಿ ರಾಬ್ಸನ್ ಮಾತನ್ನು ಪೋರ್ಚುಗೀಸಿಗೆ ತಿರುಗಿಸುತ್ತ ಕೆಲಸ ಶುರುಮಾಡಿದ ಜೋಸೆ ಮೊರಿನ್ಯೊ, ಬಾರ್ಸಿಲೋನಾದಲ್ಲಿ ವಾನ್ ಗಾಲ್ ಪಕ್ಕದಲ್ಲೂ ಕೂತರು. ಅಲ್ಲಿಂದ ಬೆನ್ಫಿಕಾದಲ್ಲಿ ಕೆಲವೇ ವಾರ, ಆಮೇಲೆ ಲೇರಿಯಾ ಎಂಬ ಸಣ್ಣ ಕ್ಲಬ್. ಆನಂತರ ಪೋರ್ಟೊ, 2003ರ ಯುಇಎಫ್‌ಎ ಕಪ್, 2004ರ ಚಾಂಪಿಯನ್ಸ್ ಲೀಗ್. ಜಿನೆದಿನ್ ಜಿಡಾನ್ ಆಂಚೆಲೊಟ್ಟಿಗೆ ಅಸಿಸ್ಟೆಂಟ್ ಆಗಿ ಒಂದು ಸೀಸನ್, ಬಳಿಕ ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡ ಕಸ್ತಿಯಾದಲ್ಲಿ ಒಂದೂವರೆ ವರ್ಷ ಕಳೆದರು. ಅಷ್ಟು ದೊಡ್ಡ ಆಟಗಾರ ಸ್ಪೇನ್‌ನ ಮೂರನೇ ಹಂತದ ಸಣ್ಣ ಅಂಗಳಗಳಲ್ಲಿ ನಿಂತು ಹನ್ನೊಂದರ ಪಟ್ಟಿ ಬರೆಯುತ್ತಿದ್ದರು. 2016, 2017, 2018, ಮೂರು ಚಾಂಪಿಯನ್ಸ್ ಲೀಗ್ ಆಮೇಲಿನ ಮಾತು.

ಹಾಗೆಂದು ಒಂಟಿ ನಡಿಗೆಯೂ ಎಲ್ಲ ಬಾಗಿಲಿಗೂ ಕೀಲಿಕೈ ಅಲ್ಲ. ಮೊರಿನ್ಯೊ ಬಳಗದಿಂದ ಬಂದ ಆಂದ್ರೆ ವಿಲ್ಲಾಸ್-ಬೋಆಸ್ ಅಕಾಡೆಮಿಕಾ ಎಂಬ ಕ್ಲಬ್ಬನ್ನು ನಡೆಸಿ ಕಲಿತು, 2010-11ರಲ್ಲಿ ಪೋರ್ಟೊ ತಂಡವನ್ನು ಲೀಗ್‌ನಲ್ಲಿ ಒಂದೂ ಸೋಲಿಲ್ಲದೆ ಗೆಲ್ಲಿಸಿದರು. ಮುಂದಿನ ವರ್ಷ ಚೆಲ್ಸಿಯಲ್ಲಿ ಮಾರ್ಚ್ ಮೊದಲ ವಾರಕ್ಕೇ ಕೆಲಸ ಹೋಯಿತು.

ತಾತ್ಕಾಲಿಕ ಕುರ್ಚಿಯ ಮೋಡಿ

ವಿಲ್ಲಾಸ್-ಬೋಆಸ್ ಹೋದ ಮೇಲೆ ಚೆಲ್ಸಿಯನ್ನು ಹಿಡಿದವರು ಅವರ ಅಸಿಸ್ಟೆಂಟ್ ರೊಬೆರ್ತೊ ಡಿ ಮತ್ತೆಯೊ. ಎರಡೂವರೆ ತಿಂಗಳಲ್ಲಿ ಎಫ್‌ಎ ಕಪ್, ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್. ಕಾಯಂ ಮಾಡಿದರು. ನವೆಂಬರ್‌ನಲ್ಲಿ ತೆಗೆದರು. 2024ರ ಕೊನೆಯಲ್ಲಿ ರೂಡ್ ವಾನ್ ನಿಸ್ಟೆಲ್ರಾಯ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ನಾಲ್ಕು ಪಂದ್ಯ ನೋಡಿಕೊಂಡು ಒಂದನ್ನೂ ಸೋಲಲಿಲ್ಲ. ಆ ಬೆಳಕಿನಲ್ಲೇ ಲೆಸ್ಟರ್ ಅವರನ್ನು ಕರೆಯಿತು, ಸೀಸನ್ ಮುಗಿಯುವಷ್ಟರಲ್ಲಿ ಕೆಳಗಿಳಿಯಿತು.

ಇಲ್ಲೂ ಕಪ್ಪುಬಿಳುಪಿಲ್ಲ. ಹಾನ್ಸಿ ಫ್ಲಿಕ್ 2019ರ ನವೆಂಬರ್‌ನಲ್ಲಿ ಬಯರ್ನ್‌ನ ತಾತ್ಕಾಲಿಕ ಕೋಚ್ ಆಗಿ ಶುರುಮಾಡಿ, ಮುಂದಿನ ಆಗಸ್ಟ್‌ಗೆ ಮೂರು ಪ್ರಶಸ್ತಿ ಎತ್ತಿದರು, ನಡುವೆ ಬಾರ್ಸಿಲೋನಾವನ್ನು 8-2ರಿಂದ ಬಗ್ಗುಬಡಿದರು. ಅದೇ ಫ್ಲಿಕ್ 2023ರಲ್ಲಿ ಜರ್ಮನಿಯಿಂದ ವಜಾಗೊಂಡ ಮೊದಲ ರಾಷ್ಟ್ರೀಯ ಕೋಚ್ ಆದರು. ಅದೇ ಫ್ಲಿಕ್ 2025ರಲ್ಲಿ ಬಾರ್ಸಿಲೋನಾಗೆ ಲೀಗ್ ಗೆದ್ದುಕೊಟ್ಟರು. ನಮ್ಮಲ್ಲಿ ಖಾಲಿದ್ ಜಮೀಲ್ 2021ರ ಆರಂಭದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಅಸಿಸ್ಟೆಂಟ್ ಜಾಗದಿಂದ ತಾತ್ಕಾಲಿಕವಾಗಿ ತಂಡ ಹಿಡಿದು ಪ್ಲೇಆಫ್ ಮುಟ್ಟಿಸಿದರು; ಕಾಯಂ ಆದ ಸೀಸನ್ ಹಾಗೆ ಸಾಗಲಿಲ್ಲ. ಆದರೆ ಅವರು 2017ರಲ್ಲೇ ಐಜಾಲ್‌ಗೆ ಐ-ಲೀಗ್ ಗೆದ್ದುಕೊಟ್ಟಿದ್ದವರು. 2025ರ ಆಗಸ್ಟ್‌ನಲ್ಲಿ ಭಾರತ ತಂಡವನ್ನೇ ಅವರಿಗೆ ಒಪ್ಪಿಸಿದರು.

ನನ್ನ ಸಲಹೆ ಇಷ್ಟೇ: ತಾತ್ಕಾಲಿಕವಾಗಿ ಅಸಿಸ್ಟೆಂಟನ್ನು ಕೂರಿಸಲು ಹೆದರಬೇಡಿ, ಹಳೆಯ ಉಸಿರುಗಟ್ಟು ಕಳೆದಾಗ ಆಟಗಾರರು ಹೇಗೂ ಓಡುತ್ತಾರೆ. ಆದರೆ ಆ ನಾಲ್ಕಾರು ಗೆಲುವು ನೋಡಿ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಸೀಸನ್ ಮುಗಿಯಲಿ, ಅವರೊಂದಿಗೆ ಬೇರೆ ಇಬ್ಬರನ್ನೂ ಸಂದರ್ಶನಕ್ಕೆ ಕರೆಯಿರಿ.

ಹಾಗಾದರೆ ಯಾರಿಗೆ ಯಾವುದು?

ಹೋದ ಕೋಚ್ ತಾನಾಗಿ ಹೋಗಿದ್ದರೆ, ತಂಡ ಗೆಲ್ಲುತ್ತಿದ್ದರೆ, ಆಟಗಾರರು ಅವರೇ ಉಳಿದಿದ್ದರೆ ಹಿತ್ತಲ ಗಿಡವೇ ಮದ್ದು. ಹೊರಗಿನವರು ತಮ್ಮದೇ ಬಳಗ ಕಟ್ಟಿಕೊಂಡು ಬರುತ್ತಾರೆ, ಮನೆಯ ತಿಳಿವಳಿಕೆ ಆ ದಿನವೇ ಗೇಟು ದಾಟುತ್ತದೆ. 2013ರಲ್ಲಿ ಫರ್ಗುಸನ್ ಜಾಗಕ್ಕೆ ಡೇವಿಡ್ ಮೋಯಸ್ ಬಂದಾಗ ಫರ್ಗುಸನ್ ಬಳಗದ ಮೈಕ್ ಫೆಲನ್, ಮ್ಯೂಲೆನ್‌ಸ್ಟೀನ್ ಹೊರಹೋದರು. ಮೋಯಸ್‌ಗೆ ಹನ್ನೊಂದು ವರ್ಷದ ಎವರ್ಟನ್ ಅನುಭವವಿತ್ತು, ಹತ್ತು ತಿಂಗಳಲ್ಲಿ ಕೆಲಸ ಹೋಯಿತು. ಕ್ವಾಡ್ರಾಟ್ ವಿಷಯದಲ್ಲಿ ಬೆಂಗಳೂರು ಮಾಡಿದ್ದು ಇದಕ್ಕೆ ತದ್ವಿರುದ್ಧ, ಅದಕ್ಕೇ ಫಲಿಸಿತು ಎಂದು ನಾನು ನಂಬಿದ್ದೇನೆ. ಆ ಅಧ್ಯಾಯ 2021ರ ಜನವರಿಯಲ್ಲಿ ಸೋಲುಗಳ ನಡುವೆ ಮುಗಿದದ್ದು ಆ ನಿರ್ಧಾರವನ್ನು ತಪ್ಪಾಗಿಸುವುದಿಲ್ಲ.

ತಂಡ ಒಡೆದಿದ್ದರೆ, ಡ್ರೆಸಿಂಗ್ ರೂಮಿನಲ್ಲಿ ಎರಡು ಬಣವಿದ್ದರೆ ಮನೆಯವರನ್ನು ಕೂರಿಸಬೇಡಿ. ಅವರೂ ಆ ಬಣಗಳ ನಡುವೆಯೇ ಬಾಳಿದವರು. ಇನ್ನು ಆಟದ ರೀತಿಯನ್ನೇ ಬದಲಿಸಬೇಕೆಂದಿದ್ದರೆ ದೊಡ್ಡವರ ಪಕ್ಕದಲ್ಲಿದ್ದವರನ್ನು ತನ್ನಿ, ಆದರೆ ಎರಡು ಎಂಟನೇ ಸ್ಥಾನ ಸಹಿಸುವ ಎದೆ ಇದ್ದರೆ ಮಾತ್ರ.

ಸಂದರ್ಶನದಲ್ಲಿ ತಂತ್ರದ ಪ್ರಶ್ನೆ ಕಡಿಮೆ ಕೇಳಿ, ಅದು ಎಲ್ಲರಿಗೂ ಬರುತ್ತದೆ. ಕೇಳಬೇಕಾದ್ದು: ನಿಮ್ಮ ಮುಖ್ಯ ಕೋಚ್ ಜೊತೆ ಯಾವ ವಿಷಯಕ್ಕೆ ಒಪ್ಪದೆ ವಾದಿಸಿದಿರಿ? ನೀವು ಬಿಟ್ಟ ಆಟಗಾರನಿಗೆ ಅದನ್ನು ಹೇಗೆ ಹೇಳಿದಿರಿ? ನಿಮಗೆ ಅಸಿಸ್ಟೆಂಟ್ ಆಗಿ ಯಾರು ಬೇಕು? ಕೊನೆಯ ಪ್ರಶ್ನೆಗೆ ಕೊಡುವ ಉತ್ತರವನ್ನು ಗಮನವಿಟ್ಟು ಕೇಳಿ. ತನ್ನ ಮಾತಿಗೆ ತಲೆಯಾಡಿಸುವವನನ್ನು ಕೇಳುವವರೂ ಇದ್ದಾರೆ, ತನಗೆ ಬಾರದ್ದು ಬಲ್ಲವನನ್ನು ಕೇಳುವವರೂ ಇದ್ದಾರೆ.

ಕೆಲವರು ಆ ಕುರ್ಚಿಗೆ ಬೇಡವೇ ಬೇಡ, ಅದು ಕೀಳಲ್ಲ. ಬ್ರಯನ್ ಕ್ಲಫ್ ಜೊತೆ ನಾಟಿಂಗಮ್ ಫಾರೆಸ್ಟ್‌ಗೆ ಎರಡು ಯುರೋಪಿಯನ್ ಕಪ್ ಗೆದ್ದ ಪೀಟರ್ ಟೇಲರ್ ಆಟಗಾರರನ್ನು ಹುಡುಕುವುದರಲ್ಲಿ ಎತ್ತಿದ ಕೈ. ಒಂಟಿಯಾಗಿ ನಡೆಸಿದ ತಂಡಗಳಲ್ಲಿ ಆ ಹೊಳಪು ಬರಲಿಲ್ಲ. ಕ್ಲಫ್ ಕೂಡ ಟೇಲರ್ ಇಲ್ಲದೆ ಮತ್ತೆ ಯುರೋಪಿಯನ್ ಕಪ್ ಕಾಣಲಿಲ್ಲ. ಬ್ಲ್ಯಾಕ್‌ಬರ್ನ್‌ನಲ್ಲಿ ಸೋತ ಬ್ರಯನ್ ಕಿಡ್ ಮುಂದೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಮೂವರು ಮ್ಯಾನೇಜರ್‌ಗಳ ಜೊತೆ ಲೀಗ್ ಗೆದ್ದರು. ಆದ್ದರಿಂದ ಬಡ್ತಿ ಕೊಡುವಾಗ ಹಿಂತಿರುಗುವ ದಾರಿಯನ್ನೂ ಒಪ್ಪಂದದಲ್ಲೇ ಬರೆದಿಡಿ. ಒಳ್ಳೆಯ ಅಸಿಸ್ಟೆಂಟನ್ನು ಕೆಟ್ಟ ಆರು ತಿಂಗಳಿಗಾಗಿ ಶಾಶ್ವತವಾಗಿ ಕಳೆದುಕೊಳ್ಳುವುದು ದೊಡ್ಡ ನಷ್ಟ.

ಸಣ್ಣ ಕ್ಲಬ್ಬುಗಳು ಇದಕ್ಕೆಲ್ಲ ಹಣ ಸುರಿಯಬೇಕಿಲ್ಲ. ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ ಎರಡನ್ನು ಪೂರ್ತಿ ಅಸಿಸ್ಟೆಂಟ್ ಕೈಗೆ ಕೊಡಿ: ಪಟ್ಟಿ, ಬದಲಿ ಆಟಗಾರರು, ವಿರಾಮದ ಮಾತು, ಎಲ್ಲವೂ ಅವರದೇ. ಮುಖ್ಯ ಕೋಚ್ ಆ ದಿನ ಸ್ಟ್ಯಾಂಡಿನಲ್ಲಿ ಕೂರಲಿ. ಬಡ್ತಿ ಕೊಟ್ಟ ದಿನ ಎಲ್ಲ ಆಟಗಾರರನ್ನೂ ಕೂರಿಸಿ, ಅಧ್ಯಕ್ಷರೇ ನಿಂತು, ಇನ್ನು ಮುಂದೆ ಇವರ ಮಾತೇ ಕೊನೆ ಎಂದು ಹೇಳಲಿ.

ನಾವು ಕೈಬಿಟ್ಟ ಆ ಹುಡುಗ ಈಗ ಹದಿನೈದು ವರ್ಷದೊಳಗಿನ ಮಕ್ಕಳ ತಂಡವೊಂದನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ. ಹೋದ ವರ್ಷ ಒಂದು ಪಂದ್ಯ ನೋಡಲು ಹೋಗಿದ್ದೆ. ಅವನ ತಂಡದ ಅತಿ ಚುರುಕಿನ ಹುಡುಗ ಅಭ್ಯಾಸಕ್ಕೆ ತಪ್ಪಿಸಿಕೊಂಡಿದ್ದನಂತೆ, ಬೆಂಚಿನಲ್ಲಿದ್ದ. ಪಂದ್ಯ ಸೋತರು. ಮುಗಿದ ಮೇಲೆ ಅವನು ಆ ಹುಡುಗನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದ. ಎದ್ದಾಗ ಹುಡುಗ ಚೆಂಡುಗಳ ಚೀಲ ಹೊತ್ತುಕೊಂಡು ಅವನ ಹಿಂದೆ ನಡೆದ. ನಮ್ಮ ಹಳೆಯ ಕ್ಲಬ್ಬಿನಲ್ಲಿ ಕುರ್ಚಿ ಮತ್ತೆ ಖಾಲಿಯಾಗುವ ದಿನ ನಾನು ಕಮಿಟಿಗೆ ಮೊದಲು ಕೊಡುವುದು ಅವನ ಫೋನ್ ನಂಬರ್.